ಹುಳುಮನೆಯಲ್ಲಿ ಕೇಳಿದ ದೆವ್ವದ ಸಿನಿಮಾ

ದೆವ್ವದ ಸಿನಿಮಾವನ್ನು ನಮ್ಮ ಕಡೆ ಮೊದಲು ಕೇಳುತ್ತಿದ್ದೆವು, ಆಮೇಲೆ ನೋಡುತ್ತಿದ್ದೆವು. ಎಷ್ಟೋ ಸಿನಿಮಾಗಳನ್ನು ಕೇಳಿದ್ದಷ್ಟೇ, ನೋಡಿದ್ದೇ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಬುಡದ ಯಳಂದೂರು ಸೀಮೆಯಲ್ಲಿ ನಾವು ಹುಡುಗರಾಗಿದ್ದದ್ದು 1970ರ ದಶಕ ಕಳೆದು 80ಕ್ಕೆ ಕಾಲಿಟ್ಟ ಹೊತ್ತು. ಆಗ ಟೆಂಟಿನ ಎರಡನೇ ಆಟಕ್ಕೆ ಹೋಗುವ ಸ್ವಾತಂತ್ರ್ಯ ಇದ್ದದ್ದು ಊರಿನ ನಾಲ್ಕಾರು ಗಂಡಾಳುಗಳಿಗೆ ಮಾತ್ರ. ಅಣ್ಣಾವ್ರ ಸಿನಿಮಾ ಬಂದರೆ ಗಾಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗುತ್ತಿದ್ದರು. ಅವರ ಹೆಸರಿನ ಹಿಂದಿರುವ ಸಿಂಗಾನಲ್ಲೂರು ನಮ್ಮ ಪಕ್ಕದ ಕೊಳ್ಳೇಗಾಲ ತಾಲ್ಲೂಕಿನದೇ ಊರು, ಆ ಹಕ್ಕಿನ ಮೇಲೆ ಅವರು ನಮಗೆ ನೆಂಟರು. ದೆವ್ವದ ಪಿಚ್ಚರಿಗೆ ಆ ಭಾಗ್ಯವಿರಲಿಲ್ಲ. ಅದಕ್ಕೆ ಮಕ್ಕಳನ್ನು ಕರೆದೊಯ್ಯುವವರಿಲ್ಲ, ಹೆಣ್ಣುಮಕ್ಕಳು ಕೇಳುವ ಹಾಗಿಲ್ಲ, ಬಸುರಿಯರು ಆ ಪೋಸ್ಟರಿನ ಕಡೆ ತಿರುಗಿಯೂ ನೋಡಕೂಡದು. ಹಾಗಾಗಿ ನೋಡಿ ಬಂದವನು ಬಂದು ಹೇಳಿದ್ದೇ ನಮಗೆ ಸಿನಿಮಾ.

ಟೆಂಟಿಗೆ ಹೊಸ ಪಿಚ್ಚರು ಬಂದ ಸುದ್ದಿಯನ್ನು ಎತ್ತಿನ ಗಾಡಿ ತರುತ್ತಿತ್ತು. ಎರಡು ಬದಿಗೂ ಪೋಸ್ಟರು ಅಂಟಿಸಿದ ತಟ್ಟಿ, ಒಳಗೆ ಮೈಕು ಹಿಡಿದ ಮನುಷ್ಯ, ಹಿಂದೆ ನೋಟೀಸಿಗಾಗಿ ಧೂಳೆಬ್ಬಿಸುತ್ತ ಓಡುವ ನಾವು. ಗುಲಾಬಿ, ಹಳದಿ, ಹಸಿರು ಬಣ್ಣದ ತೆಳು ಕಾಗದದ ಆ ನೋಟೀಸಿನಲ್ಲಿ ಅರ್ಧ ಕತೆ ಅಚ್ಚಾಗಿರುತ್ತಿತ್ತು. ನಾಯಕಿ ಪಾಳುಬಂಗಲೆಯ ಬಾಗಿಲಿಗೆ ಕೈ ಹಾಕುವಲ್ಲಿಗೆ ಕತೆಯನ್ನು ನಿಲ್ಲಿಸಿ, ಮುಂದೇನಾಯಿತೆಂದು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಒಕ್ಕಣೆ ಬರೆದಿರುತ್ತಿದ್ದರು. ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದ ಕಥಾಸಾರಾಂಶವೂ ಹಾಗೆಯೇ, ಕೊನೆಯನ್ನು ಬಿಟ್ಟುಕೊಡುತ್ತಿರಲಿಲ್ಲ. ಸಂಜೆ ಘಂಟಸಾಲ ಅವರ ವೆಂಕಟೇಶ ಸ್ತುತಿ ಹಾರ್ನಿನಲ್ಲಿ ಮೊಳಗಿತೆಂದರೆ ಟಿಕೆಟು ಕೊಡಲು ಶುರುವಾಯಿತೆಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಇದ್ದದ್ದು ಒಂದೇ ಪ್ರೊಜೆಕ್ಟರು, ಹಾಗಾಗಿ ರೀಲು ಬದಲಿಸುವಾಗಲೆಲ್ಲ ದೀಪ ಹತ್ತಬೇಕು. ಸರಿಯಾಗಿ ದೆವ್ವ ಬರುವ ಹೊತ್ತಿಗೆ ರೀಲು ಮುಗಿದರೆ ನೆಲದವರೆಲ್ಲ ಒಟ್ಟಿಗೆ ಉಸಿರು ಬಿಡುತ್ತಿದ್ದರಂತೆ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರಂತೆ. ಆಟ ಬಿಟ್ಟ ಮೇಲೆ ಹೊನ್ನುಹೊಳೆ ದಾಟಿ, ಹುಣಸೆಮರದ ಸಾಲು ದಾಟಿ, ಸುಡುಗಾಡಿನ ಪಕ್ಕದಲ್ಲೇ ಊರಿಗೆ ನಡೆಯಬೇಕು. ಹೋಗುವಾಗ ಮೂರು ಗುಂಪಾಗಿದ್ದವರು ಬರುವಾಗ ಒಂದೇ ಗುಂಪಾಗಿರುತ್ತಿದ್ದರು. ಜಗಳವಾಡಿ ಮಾತು ಬಿಟ್ಟವರೂ ಆ ದಾರಿಯಲ್ಲಿ ಮಾತಾಡಿಕೊಂಡೇ ಬಂದಿದ್ದುಂಟು.

ಮಾರನೆಯ ರಾತ್ರಿ ಕತೆ ಹುಳುಮನೆಗೆ ಬರುತ್ತಿತ್ತು.

ಕೊಳ್ಳೇಗಾಲ, ಯಳಂದೂರು ಅಂದರೆ ರೇಷ್ಮೆಯ ಸೀಮೆ. ಕೊಳ್ಳೇಗಾಲದ ಸೀರೆಯನ್ನು ಎಲ್ಲರೂ ಬಲ್ಲರು, ಅದರ ಹಿಂದಿನ ನಿದ್ದೆಗೆಟ್ಟ ರಾತ್ರಿಗಳನ್ನು ಬಲ್ಲವರು ಕಡಿಮೆ. ಕೊನೇ ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ಕಳೆದು ಎದ್ದ ಹುಳುಗಳಿಗೆ ಹೊಟ್ಟೆ ತುಂಬುವುದೆಂಬುದೇ ಇಲ್ಲ, ಹಗಲು ಹಾಕಿದ್ದು ಸಾಲದೆ ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ನಮ್ಮ ಮನೆಯಲ್ಲಿ ನಡುಮನೆಯೇ ಹುಳುಮನೆ. ಬಿದಿರು ತಟ್ಟೆಗಳನ್ನು ಮಾಳಿಗೆಯವರೆಗೂ ಜೋಡಿಸಿದ ಸ್ಟ್ಯಾಂಡುಗಳು, ಇರುವೆ ಹತ್ತದಂತೆ ಅವುಗಳ ಕಾಲ ಬುಡದಲ್ಲಿ ನೀರಿನ ಬಟ್ಟಲುಗಳು, ಮೂಲೆಯಲ್ಲಿ ತಗ್ಗಿಸಿಟ್ಟ ಲಾಟೀನು. ಅವ್ವ, ದೊಡ್ಡವ್ವ, ಅತ್ತೆ ಸೊಪ್ಪು ಹರಡುತ್ತಿದ್ದರು, ನಾವು ಹುಡುಗರು ಬುಟ್ಟಿ ಎತ್ತಿ ಕೊಡುತ್ತಿದ್ದೆವು. ಸೊಪ್ಪು ಬಿದ್ದ ಸ್ವಲ್ಪ ಹೊತ್ತಿಗೆ ಸಾವಿರಾರು ಹುಳುಗಳು ಎಲೆ ಕಡಿಯುವ ಸದ್ದು ಎದ್ದು, ಹೆಂಚಿನ ಮೇಲೆ ಸೋನೆಮಳೆ ಹಿಡಿದ ಹಾಗೆ ಮನೆಯನ್ನೆಲ್ಲ ತುಂಬುತ್ತಿತ್ತು. ಆ ಸದ್ದಿನ ನಡುವೆ ನನ್ನ ಸೋದರಮಾವ ದೆವ್ವದ ಪಿಚ್ಚರಿನ ಕತೆ ತೆಗೆಯುತ್ತಿದ್ದ. ಬೀಡಿಯ ಹೊಗೆ ಹುಳುವಿಗೆ ಆಗದು, ಹೊಗೆಸೊಪ್ಪು ಮುಟ್ಟಿದ ಕೈಯೂ ಆಗದು. ಹಾಗಾಗಿ ಮಾವನಿಗೆ ಅಲ್ಲಿ ಮಾತಾಡುವುದು ಬಿಟ್ಟು ಬೇರೆ ಚಟಕ್ಕೆ ದಾರಿಯಿರಲಿಲ್ಲ.

ಮಾವ ಕೊಳ್ಳೇಗಾಲದ ಕಡೆಯವನು. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ, ಮೈಸೂರಿನ ನೆಲ. ನಡುವೆ ಕೆಲವೇ ಮೈಲಿ, ಆದರೂ ಆ ಕಡೆಯವರಿಗೆ ತಮಿಳು ಪಿಚ್ಚರಿನ ರುಚಿ ಮೊದಲಿಂದಲೇ ಹತ್ತಿತ್ತು. ಶ್ರೀಧರ್ ಅವರ ‘ನೆಂಜಂ ಮರಪ್ಪದಿಲ್ಲೈ’ (1963) ನೋಡಿ ಬಂದು ಹಿಂದಿನ ಜನ್ಮದ ಕತೆಯನ್ನು ಹೇಳಿದವನು ಮಾವನೇ. 1966ರ ‘ಯಾರ್ ನೀ’ಯನ್ನಂತೂ ಅವನು ಮುದುಕನಾಗುವವರೆಗೂ ಬಿಡಲಿಲ್ಲ. ಅದು ಹಿಂದಿಯ ‘ವೋ ಕೌನ್ ಥೀ’ಯ ತಮಿಳು ರೂಪ, ನಾಯಕಿ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ. ಮಳೆ ಸುರಿಯುವ ರಾತ್ರಿ, ನಡುದಾರಿಯಲ್ಲಿ ನಿಂತ ಬಿಳಿ ಸೀರೆಯ ಹೆಂಗಸು, ನಿಲ್ಲಿಸಿದ ಕಾರು. ಮಾವ ಅದನ್ನು ಹೇಳುವಾಗ ದಾರಿ ಮದರಾಸಿನದಾಗಿರುತ್ತಿರಲಿಲ್ಲ. “ನಮ್ಮ ಬಳೇಮಂಟಪ ದಾಟುದ್ಮೇಲೆ ಒಂದು ತಿರುವು ಬತ್ತದಲ್ಲ, ಅಲ್ಲಿ ಕನ ಅವಳು ನಿಂತಿದ್ದದ್ದು” ಎನ್ನುತ್ತಿದ್ದ. ದೊಡ್ಡವ್ವ ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದು, “ಅಯ್ಯೋ ಶಿವ್ನೆ, ಆಮ್ಯಾಕೆ?” ಎನ್ನುತ್ತಿದ್ದಳು.

ಆಮೇಲಿನದನ್ನು ಮಾವ ಹೇಳುತ್ತಿರಲಿಲ್ಲ. ಅವನ ನೇಮವೇ ಅದು. ದೆವ್ವದ ಗುಟ್ಟು ಬಯಲಾಗುವ ಜಾಗಕ್ಕೆ ಬಂದಾಗ ಎದ್ದು, ಟವೆಲು ಕೊಡವಿ, “ಕೊನೆಗೇನಾಯ್ತದೆ ಅಂತ ಏಳ್ಬುಟ್ರೆ ಪಿಚ್ಚರ್ನವ್ನ ಅನ್ನ ಕಿತ್ತಂಗಾಯ್ತದೆ, ಓಗಿ ನೋಡ್ಕಬನ್ನಿ” ಎಂದು ಹೊರಡುತ್ತಿದ್ದ. ನೋಡಿ ಬರುವ ದಾರಿ ಅಲ್ಲಿದ್ದ ಹೆಂಗಸರಲ್ಲಿ ಯಾರಿಗೂ ಇಲ್ಲವೆಂದು ಅವನಿಗೂ ಗೊತ್ತಿತ್ತು. ಹಾಗಾಗಿ ಕೊನೆಯನ್ನು ಅವರೇ ಕಟ್ಟಿಕೊಳ್ಳುತ್ತಿದ್ದರು. ಅತ್ತೆಯ ಕೊನೆಯಲ್ಲಿ ಆ ಬಿಳಿ ಸೀರೆಯವಳು ಅತ್ತೆಮನೆಯಲ್ಲಿ ಬಹಳ ಕಷ್ಟಪಟ್ಟು ಬಾವಿಗೆ ಬಿದ್ದವಳು. ಅವ್ವನ ಕೊನೆಯಲ್ಲಿ ಅವಳು ಸತ್ತೇ ಇಲ್ಲ, ಆಸ್ತಿಗಾಗಿ ಯಾರೋ ಹಾಗೆ ಹಬ್ಬಿಸಿದ್ದಾರೆ. ಎಷ್ಟೋ ವರ್ಷದ ಮೇಲೆ ‘ವೋ ಕೌನ್ ಥೀ’ಯನ್ನು ಟೀವಿಯಲ್ಲಿ ನೋಡಿದಾಗ, ಒಂದು ದೆವ್ವದ ಪಿಚ್ಚರನ್ನೂ ನೋಡಿರದ ನನ್ನ ಅವ್ವ ಗುಟ್ಟಿನ ಎಷ್ಟು ಹತ್ತಿರಕ್ಕೆ ಬಂದಿದ್ದಳೆಂದು ತಿಳಿದು ನನ್ನ ಕಣ್ಣು ತುಂಬಿತು. ಮಾವ ಬಣ್ಣಿಸಿದ ದೃಶ್ಯಗಳಲ್ಲಿ ಕೆಲವು ಅದರಲ್ಲಿ ಇರಲೇ ಇಲ್ಲ. ಇರಲಿಲ್ಲವಲ್ಲ ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ, ಅಷ್ಟು ಚೆನ್ನಾಗಿದ್ದವು.

ಕನ್ನಡದಲ್ಲೇ ಅಂಥದ್ದೊಂದು ಬಂದದ್ದು 1979ರಲ್ಲಿ, ‘ನಾ ನಿನ್ನ ಬಿಡಲಾರೆ’. ಅನಂತನಾಗ್, ಲಕ್ಷ್ಮೀ ಜೋಡಿ, ರಾಜನ್-ನಾಗೇಂದ್ರ ಸಂಗೀತ. ಗಂಡಸಿನ ಮೈಮೇಲೆ ಹೆಣ್ಣು ದೆವ್ವ ಬರುತ್ತದೆ ಎಂಬ ಸುದ್ದಿ ಟೆಂಟಿಗಿಂತ ಎಷ್ಟೋ ಮೊದಲೇ ನಮ್ಮೂರು ಮುಟ್ಟಿತ್ತು. ಗಾಳಿ ಸೋಕುವುದು, ಮೈಮೇಲೆ ಬರುವುದು ನಮಗೇನೂ ಹೊಸದಲ್ಲ. ಆದರೆ ಅಲ್ಲಿಯವರೆಗೆ ಅದು ಹೆಂಗಸರಿಗೆ ಮಾತ್ರ ಆಗುವ ಸಂಗತಿಯೆಂದು ಊರು ನಂಬಿತ್ತು. ಓದಿಕೊಂಡ, ಪ್ಯಾಂಟು ಹಾಕಿಕೊಂಡ, ಅಷ್ಟು ಚೆಂದದ ಗಂಡಸಿನ ಗಂಟಲಿನಿಂದ ಹೆಣ್ಣಿನ ದನಿ ಬರುತ್ತದೆ ಎಂಬುದು ಹುಳುಮನೆಯ ಹೆಂಗಸರನ್ನು ಬೇರೆ ರೀತಿಯಲ್ಲೇ ಹಿಡಿದು ನಿಲ್ಲಿಸಿತು. ಅವರಿಗೆ ಅದರಲ್ಲಿ ಹೆದರಿಕೆಯೂ ಇತ್ತು, ಯಾವುದೋ ಒಂದು ಸಮಾಧಾನವೂ ಇತ್ತು ಎಂದು ಈಗ ಅನ್ನಿಸುತ್ತದೆ. ಕೊನೆಗೆ ಮಂತ್ರಾಲಯದ ರಾಯರು ಕಾಯುತ್ತಾರೆಂಬ ಒಂದು ಸಂಗತಿಯನ್ನು ಮಾತ್ರ ಮಾವ ತನ್ನ ನೇಮ ಮುರಿದು ಹೇಳಿದ್ದ. ಇಲ್ಲವಾದರೆ ಮನೆಯಲ್ಲಿ ಯಾರೂ ಮಲಗುತ್ತಿರಲಿಲ್ಲ.

ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯಲು ನಮ್ಮೂರಿಗೆ ಅದರದೇ ಅಳತೆಯಿತ್ತು. “ಎಂಗದ್ಲಾ ಪಿಚ್ಚರು?” ಎಂದು ಚಾವಡಿಯಲ್ಲಿ ಯಾರಾದರೂ ಕೇಳಿದರೆ, ನೋಡಿದವನು ಚೆನ್ನಾಗಿದೆ ಎನ್ನುತ್ತಿರಲಿಲ್ಲ. “ಒಬ್ನೇ ಬರಕ್ಕಾಗ್ನಿಲ್ಲ ಕನ” ಎನ್ನುತ್ತಿದ್ದ. ಅದಕ್ಕಿಂತ ಮೇಲಿನ ಶಿಫಾರಸು ಇರಲಿಲ್ಲ. “ನಿದ್ದೆ ಬತ್ತು” ಎಂದುಬಿಟ್ಟರೆ ಆ ಪಿಚ್ಚರು ಮೂರು ದಿನಕ್ಕೆ ಗಂಟುಮೂಟೆ ಕಟ್ಟಬೇಕು. ನೋಡಿ ಬಂದವನು ಮಾರನೆಯ ದಿನ ಮಬ್ಬಿನಲ್ಲಿ ಚೊಂಬು ಹಿಡಿದು ಒಬ್ಬನೇ ಹೋದನೋ, ಜೊತೆಗೆ ಯಾರನ್ನಾದರೂ ಕರೆದನೋ ಎಂಬುದನ್ನೂ ಜನ ಗಮನಿಸುತ್ತಿದ್ದರು. ಹೆಸರು ನೋಡಿ ಮೋಸ ಹೋದದ್ದೂ ಉಂಟು. ‘ಭೂತಯ್ಯನ ಮಗ ಅಯ್ಯು’ ಮರಳಿ ಬಂದಾಗ ನಾವು ಹುಡುಗರು ಭೂತ ನೋಡಲೆಂದೇ ಕಾದು ಕುಳಿತಿದ್ದೆವು. ಭೂತ ಬರಲಿಲ್ಲ, ಬಂದ ಪ್ರವಾಹಕ್ಕೇ ಹೆದರಿ ಮನೆಗೆ ಬಂದೆವು.

ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಬೆಟ್ಟದ ಪೋಡಿನಿಂದ, ಅಂದರೆ ಹಾಡಿಯಿಂದ, ಬಂದ ಸೋಲಿಗರ ಹುಡುಗ. ರಂಗನಾಥಸ್ವಾಮಿಯನ್ನು ಭಾವ ಎಂದು ಕರೆಯುವ ಜನ ಅವರು, ಸ್ವಾಮಿ ಅವರ ಮನೆಯ ಕುಸುಮಾಲೆಯನ್ನು ಮದುವೆಯಾದವನು. ಕಾಡಿನ ಕತ್ತಲು ಅವನಿಗೆ ನಮಗೆ ನಮ್ಮ ಹಿತ್ತಲಿದ್ದಷ್ಟೇ ಪರಿಚಯ. ಹಾಸ್ಟೆಲಿನ ಹುಡುಗರೊಂದಿಗೆ ಒಂದು ದೆವ್ವದ ಪಿಚ್ಚರು ನೋಡಿ ಬಂದವನನ್ನು ಹೇಗಿತ್ತೆಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಅವನು ಹೇಳಿದ: “ಅಷ್ಟು ಸದ್ದು ಮಾಡ್ಕಂಡು ಯಾರೂ ಬರಲ್ಲ.” ಆನೆಯಷ್ಟು ದೊಡ್ಡ ಪ್ರಾಣಿ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಒಂದು ಎಲೆ ಮುರಿದ ಸದ್ದಾಗುವುದಿಲ್ಲವಂತೆ. ಹಕ್ಕಿಗಳು ಒಮ್ಮೆಗೇ ಸುಮ್ಮನಾದರೆ, ಮಂಗ ಕೂಗುವುದನ್ನು ನಿಲ್ಲಿಸಿದರೆ ಹೆದರಬೇಕಂತೆ. ಆ ಪಿಚ್ಚರಿನಲ್ಲಿ ದೆವ್ವ ಬರುವ ಮೊದಲೇ ತಮಟೆ, ಪೀಪಿ ಎಲ್ಲ ಊದಿಬಿಟ್ಟರು, ಇನ್ನು ಹೆದರುವುದಕ್ಕೇನಿದೆ ಎಂದ. ಆಮೇಲೆ ಎಷ್ಟೋ ಭಾಷೆಯ ಭಯದ ಚಿತ್ರಗಳನ್ನು ನೋಡಿದ್ದೇನೆ, ಅವುಗಳ ಬಗ್ಗೆ ದೊಡ್ಡವರು ಬರೆದದ್ದನ್ನೂ ಓದಿದ್ದೇನೆ. ಇದಕ್ಕಿಂತ ಸರಿಯಾದ ವಿಮರ್ಶೆ ನನಗೆ ಸಿಕ್ಕಿಲ್ಲ. 1993ರಲ್ಲಿ ಉಪೇಂದ್ರ ‘ಶ್!’ ಎಂದು ಹೆಸರಿಟ್ಟು, ಕಾಡಿನ ನಡುವೆ ಸಿನಿಮಾ ತಂಡವೊಂದನ್ನು ಕೂರಿಸಿ ಹೆದರಿಸಿದಾಗ ಮೊದಲು ನೆನಪಾದವನು ಅವನೇ.

ನಮ್ಮ ನೆಲದಲ್ಲಿ ಹೀಗೆ ಹೇಳುವವರು, ಕೇಳುವವರು ಹುಟ್ಟಿದ್ದಕ್ಕೆ ಕಾರಣವಿದೆ. ಇದು ಮಾದಪ್ಪನ ಸೀಮೆ. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಮಾದೇಶ್ವರನ ಕತೆ ಹಾಡುತ್ತಾರೆ, ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿಯನ್ನು ಕರೆತರುತ್ತಾರೆ. ದೇವಾನುದೇವತೆಗಳನ್ನು ಸೆರೆಹಿಡಿದು ಚಾಕರಿಗೆ ಹಚ್ಚಿದ ಶ್ರವಣನ ಮುಂದೆ ಮಾದಪ್ಪ ನಿಲ್ಲುವ ಭಾಗ ಬಂದಾಗ, ಮಲಗಿದ್ದ ಮಕ್ಕಳನ್ನೂ ಎಬ್ಬಿಸಿ ಕೂರಿಸುತ್ತಿದ್ದರು. ಕತೆ ಎಲ್ಲಿ ನಿಲ್ಲಬೇಕು, ದನಿ ಎಲ್ಲಿ ತಗ್ಗಬೇಕು, ಕೇಳುವವರ ಹೂಂಕಾರ ಎಲ್ಲಿ ಸಣ್ಣಗಾಗುತ್ತದೆ ಎಂಬುದನ್ನು ನನ್ನ ಮಾವ ಕಲಿತದ್ದು ಅಲ್ಲಿ. ಪಿಚ್ಚರು ಅವನಿಗೆ ಹೊಸ ಸರಕಾಗಿ ಸಿಕ್ಕಿತಷ್ಟೇ.

1980ರ ದಶಕದ ನಡುವಿಗೆ ವೀಡಿಯೊ ಸೆಟ್ಟು ಬಂತು. ಹಬ್ಬದ ರಾತ್ರಿ ಚಂದಾ ಎತ್ತಿ, ಟೀವಿಯನ್ನೂ ವೀಸಿಪಿಯನ್ನೂ ಬಾಡಿಗೆಗೆ ತಂದು ಗುಡಿಯ ಮುಂದಿಟ್ಟು ಒಂದೇ ಸಮನೆ ಮೂರು ಪಿಚ್ಚರು. ರಾಮ್ಸೆ ಸಹೋದರರ ‘ಪುರಾನಾ ಮಂದಿರ್’, ‘ವೀರಾನಾ’ಗಳನ್ನು ಒಂದಕ್ಷರ ಹಿಂದಿ ಬಾರದ ನಮ್ಮೂರು ಹಾಗೆ ನೋಡಿತು. ಮಿಲಿಟರಿಯಿಂದ ರಜೆಗೆ ಬಂದವರೊಬ್ಬರು ಪಕ್ಕ ನಿಂತು ಕನ್ನಡದಲ್ಲಿ ಹೇಳುತ್ತಿದ್ದರು. 1990ರ ಹೊತ್ತಿಗೆ ದೂರದರ್ಶನದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಬಂದಾಗ ಟೀವಿ ಇದ್ದ ಮನೆಯ ಜಗಲಿ ಸಾಲದೆ ಜನ ಬೀದಿಯಲ್ಲಿ ನಿಂತರು. ಆ ಧಾರಾವಾಹಿಯಲ್ಲಿ ನಟಿಸಿದ್ದ ಪ್ರಕಾಶ್ ರೈ ಇನ್ನೂ ಹೆಸರು ಮಾಡುವ ಮೊದಲಿನ ಕಾಲ ಅದು. ಅದರ ತುಳು ಹಾಡಿನ ಒಂದು ಪದವೂ ತಿಳಿಯದಿದ್ದರೂ ಹುಡುಗರೆಲ್ಲ ಅದನ್ನು ಗುನುಗಿದರು. 2015ರಲ್ಲಿ ‘ರಂಗಿತರಂಗ’ದಲ್ಲಿ ಅದೇ ಹಾಡಿನ ಎಳೆ ಮತ್ತೆ ಕೇಳಿದಾಗ ನಮ್ಮ ವಯಸ್ಸಿನವರ ಬೆನ್ನಿನಲ್ಲಿ ಚಳಿ ಎದ್ದಿತು, ಪಕ್ಕದಲ್ಲಿ ಕುಳಿತ ಮಕ್ಕಳಿಗೆ ಯಾಕೆಂದು ತಿಳಿಯಲಿಲ್ಲ.

‘ಗುಡ್ಡದ ಭೂತ’ದ ನಂತರದ ವರ್ಷಗಳಲ್ಲಿ ಭಯ ಸಿನಿಮಾದಿಂದ ಇಳಿದು ಊರೊಳಗೇ ಬಂತು. ಒಂದು ಭಯವನ್ನು ನೆನೆದರೆ ಈಗಲೂ ಪ್ರೀತಿ ಬರುತ್ತದೆ. ರಾತ್ರಿ ಪರಿಚಯದವರ ದನಿಯಲ್ಲಿ ಬಾಗಿಲು ತಟ್ಟುವ ಹೆಣ್ಣು ದೆವ್ವವೊಂದು ತಿರುಗುತ್ತಿದೆಯೆಂದು ಕರ್ನಾಟಕವೆಲ್ಲ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡ ಕಾಲ. ನಮ್ಮ ಬೀದಿಯಲ್ಲೂ ಸುಣ್ಣದಲ್ಲಿ, ಇದ್ದಿಲಿನಲ್ಲಿ ಬರೆದಿದ್ದರು. ಬರೆಯಲು ಬಾರದ ಮನೆಗಳಿಗೆ ನಾವೇ ಹೋಗಿ ಬರೆದು ಕೊಟ್ಟೆವು. ದೆವ್ವ ಬಂದು ಓದಿ, ಮಾತಿಗೆ ಬೆಲೆ ಕೊಟ್ಟು ಹಿಂದಿರುಗಿ, ಮಾರನೆಯ ದಿನ ಬಂದು ಮತ್ತೆ ಅದನ್ನೇ ಓದುತ್ತದೆ! ದೆವ್ವಕ್ಕೂ ಮರ್ಯಾದೆಯಿದೆ ಎಂದು ನಂಬಿದ್ದ ಜನ ನಾವು. 2018ರಲ್ಲಿ ಇದೇ ಕತೆ ಹಿಂದಿಯಲ್ಲಿ ‘ಸ್ತ್ರೀ’ ಆಯಿತು, ಮಧ್ಯಪ್ರದೇಶದ ಚಂದೇರಿಯ ಗೋಡೆಗಳ ಮೇಲೆ ಹೋಗಿ ಕುಳಿತು ದೇಶವನ್ನೆಲ್ಲ ನಗಿಸಿತು, ಹೆದರಿಸಿತು. ನೋಡಿ, ಚೆನ್ನಾಗಿದೆ. ನೋಡುವಾಗ ಅದು ನಿಮ್ಮ ಅಜ್ಜಿಯ ಮನೆಯ ಬಾಗಿಲಿನಿಂದ ಹೊರಟದ್ದೆಂದು ಮಕ್ಕಳಿಗೆ ಹೇಳಿ.

ಇನ್ನೊಂದು ಭಯಕ್ಕೆ ಪ್ರೀತಿಯಿಲ್ಲ. ಕಾಡುಗಳ್ಳ ವೀರಪ್ಪನ್ ಕಾಲವದು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ, 1993ರಲ್ಲಿ ಪಾಲಾರ್ ಸ್ಫೋಟ, 2000ದಲ್ಲಿ ಗಾಜನೂರಿನಿಂದ ಅಣ್ಣಾವ್ರ ಅಪಹರಣ, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರ ಅಪಹರಣ ಮತ್ತು ಸಾವು. ಹನೂರಿನಿಂದಾಚೆಗೆ ಹೊತ್ತು ಮುಳುಗಿದ ಮೇಲೆ ಹೋಗುವವರು ಕಡಿಮೆಯಾದರು. ಕಾಡಂಚಿನ ಊರುಗಳವರಿಗೆ ಆ ಕಡೆಯ ಹೆದರಿಕೆ, ಈ ಕಡೆಯ ವಿಚಾರಣೆ ಎರಡೂ ಇತ್ತು. ಟೆಂಟುಗಳು ಅಷ್ಟರಲ್ಲಾಗಲೇ ಟೀವಿಗೆ ಸೋತು ಒಂದೊಂದಾಗಿ ಗೂಟ ಕಿತ್ತಿದ್ದವು. ಉಳಿದಿದ್ದರೂ ಎರಡನೇ ಆಟ ಮುಗಿಸಿ ಕತ್ತಲಲ್ಲಿ ನಡೆದು ಬರುವ ಧೈರ್ಯ ಯಾರಿಗಿರುತ್ತಿತ್ತು? ದಿಟದ ಭಯವಿರುವ ಮನೆಯಲ್ಲಿ ಸುಳ್ಳು ಭಯದ ಕತೆಯನ್ನು ಯಾರೂ ಕೇಳುವುದಿಲ್ಲ. ಮಾವ ಆ ವರ್ಷಗಳಲ್ಲಿ ಸುಮ್ಮನಾಗಿಬಿಟ್ಟ.

2004ರ ಆಗಸ್ಟಿನಲ್ಲಿ ‘ಆಪ್ತಮಿತ್ರ’ ಬಂತು. ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ನಮ್ಮ ಸೀಮೆಯವರಿಗೆ ಈ ಎರಡು ಸಂಗತಿಗಳು ಒಂದರ ಪಕ್ಕ ಒಂದು ನಿಂತಿವೆ. ಚಿತ್ರ ವರ್ಷದ ಮೇಲೂ ಓಡಿತಲ್ಲ, ಜನ ಟೆಂಪೊ ಮಾಡಿಕೊಂಡು ಮತ್ತೆ ರಾತ್ರಿ ಆಟಗಳಿಗೆ ಹೋದರು, ಈ ಸಲ ಹೆಂಗಸರೂ ಮಕ್ಕಳೂ ಹೋದರು. ಅದು ಮಲಯಾಳದ ‘ಮಣಿಚಿತ್ರತಾಳ್’ನಿಂದ ಬಂದ ಕತೆಯಾದರೂ ನಾಗವಲ್ಲಿ ನಮ್ಮವಳೇ ಆದಳು. ಆ ಪಾತ್ರ ಮಾಡಿದ್ದ ಸೌಂದರ್ಯ ಆ ಏಪ್ರಿಲ್ 17ರಂದೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಇಲ್ಲದ ಹೆಣ್ಣುಮಗಳು ತೆರೆಯ ಮೇಲೆ ಗೆಜ್ಜೆ ಕಟ್ಟಿ ಕುಣಿಯುವಾಗ ಅತ್ತೆ ಹೆದರಲಿಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. 2009ರ ಡಿಸೆಂಬರ್ 30ರಂದು ಚಿತ್ರದ ನಾಯಕ ವಿಷ್ಣುವರ್ಧನ್ ತೀರಿಕೊಂಡು, ಅದರ ಮುಂದುವರಿಕೆಯಾದ ಅವರ ‘ಆಪ್ತರಕ್ಷಕ’ ಅವರಿಲ್ಲದೆ ತೆರೆಗೆ ಬಂದಾಗ ನಾಗವಲ್ಲಿಯ ಶಾಪ ಎಂದು ಕೆಲವರು ಮಾತಾಡಿದರು. ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಸಿನಿಮಾದ ಭಯವನ್ನು ಸಿನಿಮಾದೊಳಗೇ ಬಿಟ್ಟು ಬರುವುದನ್ನು ಟೆಂಟಿನವರು ಬಲ್ಲವರಾಗಿದ್ದರು. ತೀರಿಹೋದ ಕಲಾವಿದರ ಮೇಲೆ ದೆವ್ವದ ಕತೆ ಕಟ್ಟುವ ಚಾಳಿ ಆಮೇಲೆ ಬಂದದ್ದು.

ಈಗ ಹುಳುಮನೆ ಊರಾಚೆ, ತೋಟದಲ್ಲಿದೆ. ಮರಿಹುಳು ಸಾಕುವ ಚಾಕಿ ಕೇಂದ್ರದಿಂದ ಎರಡು ಜ್ವರ ದಾಟಿದ ಹುಳುಗಳನ್ನೇ ತರುತ್ತಾರೆ, ಸೊಪ್ಪು ಬಿಡಿಸುವ ಕೆಲಸವಿಲ್ಲದೆ ರೆಂಬೆಗಳನ್ನೇ ಹಾಸುತ್ತಾರೆ, ದಿನಕ್ಕೆ ಎರಡು ಮೂರು ಸಲ ಹಾಕಿದರೆ ಸಾಕು. ನಡುರಾತ್ರಿ ಏಳಬೇಕಾಗಿಲ್ಲ. ಇದನ್ನು ನೋಡಲು ನನ್ನ ಅವ್ವ ಇರಬೇಕಿತ್ತು. ಆಕೆಯ ನಡು ಬಗ್ಗಿದ್ದೇ ಆ ತಟ್ಟೆಗಳನ್ನು ಇಳಿಸಿ ಏರಿಸಿ. ಬೀದಿಯಲ್ಲಿ ಎಲ್‌ಇಡಿ ದೀಪಗಳಿವೆ, ಹೆಣ್ಣುಮಕ್ಕಳು ಕೋಚಿಂಗ್ ಮುಗಿಸಿ ಕತ್ತಲಾದ ಮೇಲೂ ಬಸ್ಸಿಳಿದು ಮನೆಗೆ ಬರುತ್ತಾರೆ, ಹಾವು ತುಳಿಯುವ ಹೆದರಿಕೆ ತಗ್ಗಿದೆ. ಇವನ್ನೆಲ್ಲ ಬೇಡವೆನ್ನುವ ಕೆಟ್ಟ ಮನಸ್ಸು ನನಗಿಲ್ಲ. ಆದರೆ ಆ ಬೆಳಕು ಬಂದಾಗ, ಜೊತೆಗೆ ಕುಳಿತು ಹೆದರುತ್ತಿದ್ದ ಒಂದು ಹೊತ್ತು ನಮ್ಮ ಕೈಬಿಟ್ಟಿತು. ಅದಕ್ಕೆ ಬದಲಾಗಿ ನಾವೇನನ್ನೂ ಇಟ್ಟುಕೊಳ್ಳಲಿಲ್ಲ.

ಹೋದ ಮಳೆಗಾಲದಲ್ಲಿ ತಂಗಿಯ ಮಗ ರಾತ್ರಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹೊದಿಕೆಯೊಳಗೆ ಮೊಬೈಲು ಹಿಡಿದು ಏನನ್ನೋ ನೋಡುತ್ತಿದ್ದ. ಮುಖದ ಮೇಲೆ ನೀಲಿ ಬೆಳಕು ಬಿದ್ದಿತ್ತು. ಒಂದೆರಡು ಸಲ ಬೆಚ್ಚಿ ಬಿದ್ದ. ಪಕ್ಕದಲ್ಲಿ ಮಲಗಿದ್ದ ಅವನ ತಾಯಿಗೆ ಅದು ಗೊತ್ತಾಗಲಿಲ್ಲ. ಬೆಳಿಗ್ಗೆ ಕೇಳಿದೆ, “ಏನು ಮಗ ರಾತ್ರಿ ನೋಡ್ತಿದ್ದದ್ದು? ಕತೆ ಹೇಳು.” ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. “ಹಾರರ್ ಮಾವ, ಸೂಪರಾಗದೆ. ಲಿಂಕ್ ಕಳಿಸ್ತೀನಿ ನೋಡಿ” ಎಂದ. ಕಳಿಸಿಯೂ ಬಿಟ್ಟ, ಒಳ್ಳೆಯ ಹುಡುಗ. ನಾನು ಬೇಡಿದ್ದು ಅವನ ಬಾಯಿಂದ ಕತೆಯನ್ನು. ಬೆಚ್ಚಿಬಿದ್ದ ಜಾಗದಲ್ಲಿ ಏನಿತ್ತು, ಆ ಹೆಣ್ಣು ಎಲ್ಲಿ ನಿಂತಿದ್ದಳು, ನಮ್ಮ ಯಾವ ತಿರುವಿನಲ್ಲಿ ನಿಂತಿದ್ದಳು?

2008ರಲ್ಲಿ ರಾಮ್‌ಗೋಪಾಲ್ ವರ್ಮಾ ಅವರ ‘ಫೂಂಕ್’ ಬಂದಾಗ, ಚಿತ್ರಮಂದಿರದಲ್ಲಿ ಒಬ್ಬರೇ ಕುಳಿತು ಪೂರ್ತಿ ನೋಡಿದವರಿಗೆ 5 ಲಕ್ಷ ರೂಪಾಯಿ ಕೊಡುತ್ತೇವೆಂದು ಸವಾಲು ಹಾಕಿದ್ದರು. ಆಗ ಅದು ದೇಶವೆಲ್ಲ ಮಾತಾಡುವಷ್ಟು ದೊಡ್ಡ ಸಂಗತಿ. ಒಂಟಿಯಾಗಿ ಹೆದರುವುದಕ್ಕೆ ದುಡ್ಡು ಕೊಡಬೇಕು ಎಂಬಷ್ಟು ಅದು ಅಸಹಜವಾಗಿತ್ತು. ಈಗ ಪ್ರತಿ ಮನೆಯಲ್ಲೂ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಆ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದಾರೆ. ಕೊನೆಯಲ್ಲೇನಾಯಿತೆಂದು ಬಿಡಿಸಿ ಹೇಳುವ ವೀಡಿಯೊಗಳು ಸಿನಿಮಾ ಬಂದ ವಾರಕ್ಕೇ ಬರುತ್ತವೆ. ಟ್ರೈಲರಿನಲ್ಲೇ ದೆವ್ವದ ಮುಖ ತೋರಿಸಿಬಿಡುತ್ತಾರೆ. ಐದಕ್ಕೆ ಮೂರೂವರೆ, ಐದಕ್ಕೆ ಎರಡು ಎಂದು ಅಂಕ ಹಾಕಿದರೆ ಮಾತು ಮುಗಿಯಿತು. “ಒಬ್ನೇ ಬರಕ್ಕಾಗ್ನಿಲ್ಲ” ಎಂಬ ಮಾತು ಯಾವ ಅಂಕದೊಳಗೂ ಹಿಡಿಯುವುದಿಲ್ಲ.

ಈಗಿನ ಸಿನಿಮಾಗಳು ಕೆಟ್ಟಿವೆಯೆಂದು ನಾನು ಹೇಳಲಾರೆ. ‘6-5=2’ (2013) ಕಾಡಿಗೆ ಚಾರಣ ಹೋದ ಹುಡುಗರು ತಾವೇ ಹಿಡಿದ ಚಿತ್ರವೆಂಬಂತೆ ಬಂದು, ಹೆಸರಾಂತ ನಟರಿಲ್ಲದೆಯೂ ಗೆದ್ದಿತು. ಬೆಟ್ಟದ ಬುಡದವರಿಗೆ ಅದು ಹೆಚ್ಚು ನಾಟುತ್ತದೆ, ದಾರಿ ತಪ್ಪುವುದೆಂದರೇನೆಂದು ನಮಗೆ ಗೊತ್ತು. ಪವನ್ ಕುಮಾರ್ ಅವರ ‘ಯು ಟರ್ನ್’ (2016) ದೆವ್ವವನ್ನು ಹಾಡುಹಗಲಿನ ಮೇಲ್ಸೇತುವೆಯ ಮೇಲೆ ತಂದು ನಿಲ್ಲಿಸಿತು. ಹಿಂದಿಯ ‘ತುಂಬಾಡ್’ (2018) ಅಜ್ಜಿಕತೆಯನ್ನೇ ಹಿಡಿದು ಮಳೆಯಲ್ಲಿ ನೆನೆಸಿಟ್ಟಿದೆ. ಮಲಯಾಳದವರಂತೂ ಸೋಲಿಗರ ಹುಡುಗ ಹೇಳಿದ ಮಾತನ್ನು ಕೇಳಿಸಿಕೊಂಡವರು. ‘ಭೂತಕಾಲಂ’ (2022) ನೋಡಿ, ತಾಯಿ ಮಗ ಇಬ್ಬರೇ ಇರುವ ಒಂದು ಸಾಮಾನ್ಯ ಮನೆ, ಹೆಚ್ಚು ಸದ್ದಿಲ್ಲ, ಆದರೂ ಮೈ ಬೆವರುತ್ತದೆ. ಅದೇ ನಿರ್ದೇಶಕರ ‘ಭ್ರಮಯುಗಂ’ (2024) ಕಪ್ಪು ಬಿಳುಪಿನಲ್ಲಿದೆ. ಮಮ್ಮೂಟ್ಟಿ ಒಂದು ಪಾಳುಮನೆಯ ಜಗಲಿಯಲ್ಲಿ ಕುಳಿತು ನಕ್ಕರೆ ಸಾಕು. ಅದನ್ನು ನೋಡುವಾಗ, ನನ್ನ ಮಾವನಿಗೆ ಈ ಪಿಚ್ಚರು ಸಿಕ್ಕಿದ್ದರೆ ಒಂದು ಬೆಳೆ ಹುಳು ಗೂಡು ಕಟ್ಟುವವರೆಗೂ ಹೇಳುತ್ತಿದ್ದನಲ್ಲ ಎಂದು ಬಹಳ ಹೊತ್ತು ಸಂಕಟವಾಯಿತು. ಕನ್ನಡದಲ್ಲಿ ಈಚೆಗೆ ಬರುವ ಎಷ್ಟೋ ದೆವ್ವದ ಚಿತ್ರಗಳ ಮೇಲೆ ನನ್ನ ದೂರು ಒಂದೇ, ಅವು ಹೆದರಿಸುವುದರ ಬದಲು ಕಿವಿಗೆ ಹೊಡೆಯುತ್ತವೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ನನ್ನ ಜನರಲ್ಲಿ, ಬೇರೆಲ್ಲೇ ಇದ್ದು ಇದನ್ನು ಓದುವವರಲ್ಲಿ ನನ್ನದೊಂದು ಬೇಡಿಕೆ. ಕರೆಂಟು ಹೋದ ರಾತ್ರಿ ತಕ್ಷಣ ಮೊಬೈಲಿನ ಟಾರ್ಚು ಹಾಕಬೇಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವು ನೋಡಿದ ಒಂದು ದೆವ್ವದ ಸಿನಿಮಾವನ್ನು ಅವರಿಗೆ ಹೇಳಿ. ‘ನಾ ನಿನ್ನ ಬಿಡಲಾರೆ’ಯಿಂದಲೇ ಶುರುಮಾಡಿ. ದೆವ್ವವನ್ನು ನಿಮ್ಮೂರಿನ ತಿರುವಿಗೇ ತಂದು ನಿಲ್ಲಿಸಿ, ಬೇಕಾದರೆ ಒಂದೆರಡು ದೃಶ್ಯ ಸೇರಿಸಿ. ಕೊನೆಯನ್ನು ಮಾತ್ರ ಹೇಳಬೇಡಿ, ಅದನ್ನು ಅವರೇ ಕಟ್ಟಲಿ. ಅವರು ನೋಡಿ ಬಂದದ್ದನ್ನು ಹೇಳತೊಡಗಿದ ದಿನ ಲಿಂಕ್ ಕೇಳದೆ ಪೂರ್ತಿ ಕೇಳಿಸಿಕೊಳ್ಳಿ.